ಹತ್ತದೆ ಹತ್ತುವ ಬಸ್ಸು

ಮರ ಹತ್ತುತ್ತೇವೆ, ಗುಡ್ಡ ಹತ್ತುತ್ತೇವೆ, ಮಾಳಿಗೆ ಹತ್ತುತ್ತೇವೆ. ನಮ್ಮ ಭಾಷೆಯಲ್ಲಿ ಬಸ್ಸನ್ನೂ ಹತ್ತುತ್ತೇವೆ. ಈ ಮಾತನ್ನು ಮೊದಲು ಬಸ್ಸಿಗೆ ಹಚ್ಚಿದವರು ಯಾರೇ ಇರಲಿ, ಬಲು ಸರಿಯಾಗಿ ನೋಡಿ ಆಡಿದ್ದಾರೆ. ಊರಿಗೆ ಹೋಗಿ ಬಂದವರನ್ನು ನಮ್ಮ ಧಾರವಾಡದ ಕಡೆಯ ಹೆಂಗಸರು ‘ಬಸ್ಸು ಸಿಕ್ತ?’ ಎಂದಷ್ಟೇ ಕೇಳಿ ಬಿಡುವುದಿಲ್ಲ. ‘ಹತ್ತಾಕ ಆತ ಏನವಾ?’ ಎಂದೂ ಕೇಳುತ್ತಾರೆ. ಬಸ್ಸು ಸಿಗುವುದು ಬೇರೆ, ಅದನ್ನು ಹತ್ತಲು ಆಗುವುದು ಬೇರೆ. ಇವೆರಡರ ನಡುವೆ ಒಂದು ಮೆಟ್ಟಿಲಿದೆ. ನಾನಿಲ್ಲಿ ಬರೆಯಹೊರಟಿರುವುದು ಆ ಮೆಟ್ಟಿಲಿನ ಇತಿಹಾಸವನ್ನು.

ಮೆಟ್ಟಿಲಿಗೂ ಒಂದು ಇತಿಹಾಸವೇ ಎಂದು ನೀವು ನಗಬಹುದು. ಕೋಟೆಗೆ ಇದೆ, ದೇವಾಲಯಕ್ಕೆ ಇದೆ, ರೈಲಿಗೆ ಇದೆ ಎಂದ ಮೇಲೆ ಬಸ್ಸಿನ ಮೆಟ್ಟಿಲಿಗೆ ಏಕಿರಬಾರದು? ಆರು ಗಜದ ಸೀರೆಯನ್ನೋ ಒಂಬತ್ತು ಗಜದ ಸೀರೆಯನ್ನೋ ಉಟ್ಟು, ಬಗಲಲ್ಲಿ ಕೂಸು, ಕೈಯಲ್ಲಿ ಚೀಲ ಹಿಡಿದು ಅದನ್ನು ಹತ್ತಿದವರಿಗೆ ಅದು ಎಷ್ಟು ದೊಡ್ಡ ವಿಷಯವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆ ಮೆಟ್ಟಿಲು ಅಷ್ಟು ಎತ್ತರ ಏಕೆ ಎಂಬುದಕ್ಕೆ ಕಾರಣ ಸರಳವಾಗಿದೆ. ನಮ್ಮ ದೇಶದಲ್ಲಿ ಬಹುಕಾಲ ಬಸ್ಸೆಂದರೆ ಲಾರಿಯ ಚಾಸಿಯ ಮೇಲೆ ಕಟ್ಟಿದ ಒಂದು ಉದ್ದನೆಯ ಕೋಣೆ. ಕೆಳಗೆ ಗಾಲಿ, ಅಚ್ಚು, ಸ್ಪ್ರಿಂಗು. ಅವುಗಳ ಮೇಲೆ ಉದ್ದಕ್ಕೂ ಎರಡು ಉಕ್ಕಿನ ತೊಲೆ. ತೊಲೆಯ ಮೇಲೆ ಬಸ್ಸಿನ ನೆಲ. ಹೀಗಾಗಿ ಬಸ್ಸಿನ ನೆಲ ರಸ್ತೆಯಿಂದ ಒಂದು ಮೀಟರಿಗೂ ಮೇಲಿರುತ್ತಿತ್ತು. ಲಾರಿ ಹುಟ್ಟಿದ್ದು ಮೂಟೆಗಾಗಿ. ಮೂಟೆಗೆ ಮೆಟ್ಟಿಲು ಬೇಡ, ಹಮಾಲರು ಎತ್ತಿ ಹಾಕುತ್ತಾರೆ. ಅದೇ ಚಾಸಿಯ ಮೇಲೆ ಮನುಷ್ಯರನ್ನು ಕೂಡಿಸುವ ಹೊತ್ತು ಬಂದಾಗ ಬಾಗಿಲಲ್ಲಿ ಎರಡೋ ಮೂರೋ ಮೆಟ್ಟಿಲು ಕೊರೆದು ಕೈ ತೊಳೆದುಕೊಂಡರು. ಮೊದಲನೆಯ ಮೆಟ್ಟಿಲು ನೆಲದಿಂದ ಹೆಚ್ಚುಕಡಿಮೆ ಒಂದು ಮೊಳ. ಪ್ಯಾಂಟು ತೊಟ್ಟ ತರುಣನಿಗೆ ಅದು ಒಂದು ನೆಗೆತ. ಸೀರೆಯುಟ್ಟ ತಾಯಿಗೆ ನೆರಿಗೆ ಎತ್ತಬೇಕೋ, ಕಂಬಿ ಹಿಡಿಯಬೇಕೋ, ಮಗುವನ್ನು ಹಿಡಿಯಬೇಕೋ ಎಂಬ ಪ್ರಶ್ನೆ. ದೇವರು ಕೊಟ್ಟ ಕೈಗಳು ಎರಡೇ.

1984ರಿಂದ ಮೂವತ್ತು ವರ್ಷ ನಾನು ಧಾರವಾಡದಿಂದ ಹುಬ್ಬಳ್ಳಿಗೆ ದಿನವೂ ಹೋಗಿ ಬಂದವಳು. ಶಾಲೆಯಲ್ಲಿ ಕಲಿಸುವ ಕೆಲಸ. ಆಗಿನ ಬಸ್ಸು ಯಾರದೆಂದು ಹೇಳುವ ಅಗತ್ಯವಿಲ್ಲ; ಆ ಕಾಲದಲ್ಲಿ ಎಲ್ಲ ಊರಿನ ಎಲ್ಲ ಬಸ್ಸುಗಳೂ ಹಾಗೆಯೇ ಇದ್ದವು. ಬಸ್ಸು ನಿಲ್ದಾಣದಿಂದ ಹತ್ತು ಮಾರು ಮುಂದೆ ಹೋಗಿ ನಿಲ್ಲುವುದು, ನಾವು ಓಡುವುದು, ‘ಅಕ್ಕಾರ, ಲಗೂ ಹತ್ತರಿ, ಟಾಯಮ್ ಆಗೇತಿ’ ಎಂದು ಕಂಡಕ್ಟರ್ ಕೂಗುವುದು, ಇನ್ನೊಂದು ಕಾಲು ನೆಲದ ಮೇಲಿರುವಾಗಲೇ ಶಿಳ್ಳೆ. ಯಾರೋ ಮೇಲಿನಿಂದ ಕೈ ಹಿಡಿದು ಎಳೆಯುತ್ತಿದ್ದರು, ಯಾರೋ ಕೆಳಗಿನಿಂದ ದಬ್ಬುತ್ತಿದ್ದರು. ದಬ್ಬುವ ಕೈಗಳೆಲ್ಲ ಸಹಾಯಕ್ಕೆಂದೇ ಬಂದವಾಗಿರುತ್ತಿರಲಿಲ್ಲ ಎಂಬುದು ನಿಮಗೂ ಗೊತ್ತು. ಮಂಡಿನೋವಿದ್ದ ನನ್ನ ಅವ್ವ ಅರವತ್ತು ದಾಟಿದ ಮೇಲೆ ಬಸ್ಸು ಹತ್ತುವುದನ್ನೇ ಬಿಟ್ಟಳು. ‘ನಾ ಒಲ್ಲೆನವ್ವ, ನೀವು ಹೋಗಿ ಬರ್ರಿ’ ಎನ್ನುತ್ತಿದ್ದಳು. ಹುಬ್ಬಳ್ಳಿಯಲ್ಲಿದ್ದ ತನ್ನ ತಂಗಿಯನ್ನು ನೋಡಲು ಅವಳಿಗೆ ಅಡ್ಡವಾದದ್ದು ಇಪ್ಪತ್ತು ಕಿಲೋಮೀಟರು ದಾರಿಯಲ್ಲ, ಒಂದು ಮೊಳದ ಮೆಟ್ಟಿಲು.

ಈ ಮೆಟ್ಟಿಲನ್ನು ತೆಗೆಯಲು ಎರಡು ದಾರಿಗಳಿವೆ. ಬಸ್ಸಿನ ನೆಲವನ್ನು ಕೆಳಗಿಳಿಸಬೇಕು, ಇಲ್ಲವೇ ನಾವು ನಿಂತ ನೆಲವನ್ನು ಮೇಲೇರಿಸಬೇಕು. ಎರಡನೆಯ ದಾರಿಯನ್ನು ಹಿಡಿದು ಪ್ರಪಂಚಕ್ಕೆಲ್ಲ ತೋರಿಸಿದ್ದು ದಕ್ಷಿಣ ಬ್ರೆಜಿಲಿನ ಕುರಿಚಿಬಾ ಎಂಬ ನಗರ. ಅಲ್ಲಿಯ ಮೇಯರ್ ಜೈಮೆ ಲೆರ್ನರ್ ವೃತ್ತಿಯಿಂದ ವಾಸ್ತುಶಿಲ್ಪಿ. ನಗರ ಬೆಳೆಯುತ್ತಿತ್ತು, ನೆಲದೊಳಗೆ ರೈಲು ಹಾಕುವಷ್ಟು ಹಣವಿರಲಿಲ್ಲ. ಆಗ ಅವರು, ರೈಲಿನ ಗುಣಗಳನ್ನು ಬಸ್ಸಿಗೇ ಕೊಟ್ಟರೆ ಹೇಗೆ ಎಂದು ಲೆಕ್ಕ ಹಾಕಿದರು. ರೈಲಿಗೆ ತನ್ನದೇ ಹಳಿ ಇರುವ ಹಾಗೆ ಬಸ್ಸಿಗೆ ತನ್ನದೇ ಪಥ. 1974ರಲ್ಲಿ ಅಲ್ಲಿ ಬಸ್ಸಿಗೆಂದೇ ಮೀಸಲಾದ ಪಥಗಳಲ್ಲಿ ವೇಗದ ಬಸ್ಸುಗಳು ಓಡತೊಡಗಿದವು. ಆದರೆ ಮೆಟ್ಟಿಲು ಆಗಲೂ ಬಸ್ಸಿನಲ್ಲೇ ಇತ್ತು.

ಅದು ಹೋದದ್ದು 1991ರಲ್ಲಿ. ಆ ವರ್ಷ ಕುರಿಚಿಬಾದ ರಸ್ತೆಗಳಲ್ಲಿ ಗಾಜು ಮತ್ತು ಉಕ್ಕಿನ ದೊಡ್ಡ ಕೊಳವೆಗಳಂಥ ನಿಲ್ದಾಣಗಳು ಕಾಣಿಸಿಕೊಂಡವು. ಕೊಳವೆಯ ಒಂದು ತುದಿಯಲ್ಲಿ ತಿರುಗಣೆ ಗೇಟು. ಅಲ್ಲಿಯೇ ಹಣ ಕೊಟ್ಟು ಒಳಗೆ ಹೋಗಬೇಕು. ಒಳಗಿನ ಕಟ್ಟೆ ಬಸ್ಸಿನ ನೆಲಕ್ಕೆ ಸರಿಸಮ. ಬಸ್ಸು ಬಂದು ನಿಂತಾಗ ಬಾಗಿಲಿನಿಂದ ಒಂದು ಹಲಗೆ ಕೆಳಗೆ ಬೀಳುತ್ತದೆ, ಜನ ಅದರ ಮೇಲೆ ನಡೆದು ಒಳಗೆ ಹೋಗುತ್ತಾರೆ. ಗಾಲಿಕುರ್ಚಿಯವರಿಗೆ ಪುಟ್ಟದೊಂದು ಲಿಫ್ಟು. ಮರುವರ್ಷ, ಅಂದರೆ 1992ರಲ್ಲಿ, ಮೂರು ಡಬ್ಬಿಗಳನ್ನು ಜೋಡಿಸಿದಂತಿರುವ, 270 ಜನ ಹಿಡಿಸುವ ಬಸ್ಸುಗಳು ಬಂದವು. ಮೆಟ್ಟಿಲು ಪೂರ್ತಿ ಮಾಯವಾಗಲಿಲ್ಲ ಅನ್ನಿ. ಸರಕಾರಿ ನೌಕರನ ಹಾಗೆ ಬಸ್ಸಿನಿಂದ ನಿಲ್ದಾಣಕ್ಕೆ ವರ್ಗವಾಯಿತು. ಆದರೆ ಆ ವರ್ಗಾವಣೆಯಿಂದ ಬಹಳ ದೊಡ್ಡ ವ್ಯತ್ಯಾಸವಾಯಿತು. ನಿಲ್ದಾಣದ ಮೆಟ್ಟಿಲು ಶಿಳ್ಳೆ ಹಾಕುವುದಿಲ್ಲ, ನಾವು ಹತ್ತುತ್ತಿರುವಾಗ ಮುಂದಕ್ಕೆ ಓಡುವುದಿಲ್ಲ.

ಇಲ್ಲಿ ಒಂದು ಮಾತನ್ನು ನಾವು ಹೆಂಗಸರು ಚೆನ್ನಾಗಿ ತಿಳಿದುಕೊಳ್ಳಬೇಕು. ಈ ಕಟ್ಟೆ ನಮ್ಮ ಮೇಲಿನ ಕರುಣೆಯಿಂದ ಹುಟ್ಟಿದ್ದಲ್ಲ, ಗಡಿಯಾರದಿಂದ ಹುಟ್ಟಿದ್ದು. ಲೆಕ್ಕ ನೋಡಿ. ನಿಲ್ದಾಣದಲ್ಲಿ 40 ಜನ ನಿಂತಿದ್ದಾರೆ, ಒಂದೇ ಬಾಗಿಲಿನ ಮೆಟ್ಟಿಲು ಹತ್ತಲು ಒಬ್ಬೊಬ್ಬರಿಗೆ 3 ಸೆಕೆಂಡು ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಎರಡು ನಿಮಿಷ ಹೋಯಿತು. ಇಂಥ ಹತ್ತು ನಿಲ್ದಾಣಗಳಾದರೆ ಇಪ್ಪತ್ತು ನಿಮಿಷ ಬಸ್ಸು ನಿಂತೇ ಕಳೆಯಿತು. ಕಟ್ಟೆ ಸಮವಾಗಿದ್ದು, ಟಿಕೆಟ್ಟು ಹೊರಗೇ ಮುಗಿದು, ಅಗಲವಾದ ಎರಡು ಮೂರು ಬಾಗಿಲು ಒಟ್ಟಿಗೆ ತೆರೆದರೆ ಅಷ್ಟೇ ಜನ ಅರೆನಿಮಿಷದಲ್ಲಿ ಒಳಗಿರುತ್ತಾರೆ. ಅದೇ ಬಸ್ಸು ದಿನಕ್ಕೆ ಹೆಚ್ಚು ಸಲ ಓಡುತ್ತದೆ. ಯೋಜಕರಿಗೆ ಬೇಕಾದದ್ದು ಆ ಉಳಿತಾಯ. ಅವ್ವನ ಮಂಡಿಗೆ ಸಿಕ್ಕ ಸುಖ ಅದರ ಜೊತೆ ಬಂದ ಕೊಸರು.

ಹೀಗೆಂದು ನಾನು ಅವರನ್ನು ಹಳಿಯುತ್ತಿಲ್ಲ. ಕೊಸರಾಗಿ ಬಂದರೂ ಸುಖ ಸುಖವೇ. ಆದರೆ ಗಡಿಯಾರಕ್ಕೆ ಉಪಯೋಗವಿಲ್ಲದ ಸೌಕರ್ಯ ಯಾವ ಊರಿನಲ್ಲೂ ತಾನಾಗಿ ಬರಲಿಲ್ಲ. ರಸ್ತೆಯ ನಡುವಿನ ಇಂಥ ಚಿಕ್ಕ ನಿಲ್ದಾಣಗಳಲ್ಲಿ ಸಾಮಾನ್ಯವಾಗಿ ಶೌಚಾಲಯವಿರುವುದಿಲ್ಲ. ಐದು ನಿಮಿಷಕ್ಕೊಂದು ಬಸ್ಸು ಬರುವಾಗ ಯಾರು ಅಲ್ಲಿ ಹೊತ್ತು ಕಳೆಯುತ್ತಾರೆ ಎಂಬುದು ವಾದ. ಮನೆ ಬಿಟ್ಟು ಮೂರು ತಾಸಾದ ಬಸುರಿಯ ಲೆಕ್ಕ ಆ ಗಡಿಯಾರದಲ್ಲಿಲ್ಲ.

ಕುರಿಚಿಬಾದ ಪಾಠವನ್ನು ಬೇರೆ ಬೇರೆ ನಗರಗಳು ತಮ್ಮ ತಮ್ಮ ರೀತಿಯಲ್ಲಿ ಕಲಿತವು. ಕೊಲಂಬಿಯಾದ ರಾಜಧಾನಿ ಬೊಗೋಟಾದಲ್ಲಿ ಮೇಯರ್ ಎನ್ರಿಕೆ ಪೆನ್ಯಾಲೋಸಾ ಅವರ ಕಾಲದಲ್ಲಿ, 2000ದ ಡಿಸೆಂಬರಿನಲ್ಲಿ ಟ್ರಾನ್ಸ್‌ಮಿಲೆನಿಯೋ ಆರಂಭವಾಯಿತು. ಕಟ್ಟೆ ಸಮ, ಬಾಗಿಲು ಅಗಲ, ಬಸ್ಸು ವೇಗ. ಆದರೆ ಜನ ಉಕ್ಕಿ ಹರಿದರು. 2014ರಲ್ಲಿ ಥಾಮ್ಸನ್ ರಾಯಿಟರ್ಸ್ ಫೌಂಡೇಶನ್ 16 ದೊಡ್ಡ ನಗರಗಳ ಸಾರಿಗೆಯ ಬಗ್ಗೆ ಹೆಂಗಸರನ್ನು ಕೇಳಿದಾಗ, ಎಲ್ಲಕ್ಕಿಂತ ಅಸುರಕ್ಷಿತವೆಂದು ಹೆಸರಾದದ್ದು ಬೊಗೋಟಾ. ನೆಲ ಸಮವಾದ ಮಾತ್ರಕ್ಕೆ ಎಲ್ಲವೂ ಸಮವಾಗುವುದಿಲ್ಲ. ಇಂಡೋನೇಷ್ಯಾದ ಜಕಾರ್ತಾದಲ್ಲಿ 2004ರಲ್ಲಿ ಈ ಬಗೆಯ ಬಸ್ಸು ಬಂತು. ಅಲ್ಲಿ ರಸ್ತೆಯ ನಡುವಿನ ನಿಲ್ದಾಣಗಳಿಗೆ ಹೋಗಲು ಉದ್ದುದ್ದ ಮೇಲ್ಸೇತುವೆಗಳು. ಬಸ್ಸಿನಲ್ಲಿ ಉಳಿಸಿದ ಮೆಟ್ಟಿಲುಗಳನ್ನು ಸೇತುವೆಯಲ್ಲಿ ಬಡ್ಡಿ ಸಮೇತ ವಸೂಲು ಮಾಡಿದಂತೆ! ಬಸ್ಸಿನ ಮುಂಭಾಗವನ್ನು ಹೆಂಗಸರಿಗೆ ಬಿಟ್ಟುಕೊಟ್ಟ ಆ ನಗರ, 2016ರ ಏಪ್ರಿಲಿನಲ್ಲಿ ಹೆಂಗಸರಿಗಾಗಿಯೇ ಗುಲಾಬಿ ಬಣ್ಣದ ಬಸ್ಸುಗಳನ್ನೂ ಬಿಟ್ಟಿತು.

ನಮ್ಮ ದೇಶದಲ್ಲಿ ಇದನ್ನು ಅಚ್ಚುಕಟ್ಟಾಗಿ ಮಾಡಿ ತೋರಿಸಿದ್ದು ಅಹಮದಾಬಾದು. 2009ರ ಅಕ್ಟೋಬರಿನಲ್ಲಿ ಅಲ್ಲಿ ‘ಜನಮಾರ್ಗ’ ಆರಂಭವಾಯಿತು. 2011ರಲ್ಲಿ ಅಲ್ಲಿರುವ ನನ್ನ ನಾದಿನಿಯ ಮನೆಗೆ ಹೋದಾಗ ಅವಳು ನನ್ನನ್ನು ಅದರಲ್ಲಿ ಕರೆದೊಯ್ದಳು. ಬಸ್ಸು ಬಂತು, ಬಾಗಿಲು ತೆರೆಯಿತು. ನಾನು ಅಭ್ಯಾಸದಂತೆ ನೆರಿಗೆ ಎತ್ತಿ, ಕಂಬಿಗಾಗಿ ಕೈ ಚಾಚಿ, ನೆಲ ನೋಡುತ್ತ ನಿಂತೆ. ‘ವೈನಿ, ನೆಲಾ ಏನ ನೋಡ್ತೀರಿ? ಸೀದಾ ನಡೀರಿ’ ಎಂದಳು. ನಡೆದೆ. ಪಡಸಾಲೆಯಿಂದ ನಡುಮನೆಗೆ ಹೋದಷ್ಟೇ ಸಲೀಸು. ಅವ್ವ ಇದ್ದಿದ್ದರೆ ಎಂದು ಮನಸ್ಸು ಒಂದು ಗಳಿಗೆ ಹುಳ್ಳಗಾಯಿತು.

ಕೆಲವೇ ವರ್ಷಗಳಲ್ಲಿ ಅಂಥದೇ ಬಸ್ಸು ನಮ್ಮ ಊರಿನ ದಾರಿಗೂ ಬಂತು. ಹುಬ್ಬಳ್ಳಿ ಮತ್ತು ಧಾರವಾಡ 1962ರಲ್ಲಿ ಒಂದೇ ಮಹಾನಗರಪಾಲಿಕೆಯಾದವು. ಹೆಸರಿಗೆ ಒಂದು ಊರು, ಆದರೆ ನಡುವೆ ಉಣಕಲ್ ಕೆರೆ, ಭೈರಿದೇವರಕೊಪ್ಪ, ನವನಗರ, ರಾಯಾಪುರ, ನವಲೂರು, ಸತ್ತೂರು. ಒಂದು ಊರಿನಲ್ಲಿ ಮನೆ, ಇನ್ನೊಂದರಲ್ಲಿ ನೌಕರಿ. ಒಂದರಲ್ಲಿ ಕಾಲೇಜು, ಇನ್ನೊಂದರಲ್ಲಿ ಆಸ್ಪತ್ರೆ. ಈ ದಾರಿಗಾಗಿ 2012ರಲ್ಲಿ ಪ್ರತ್ಯೇಕ ಕಂಪನಿಯೊಂದು ಸ್ಥಾಪನೆಯಾಯಿತು. ಸರಕಾರದ ಹಣಕ್ಕೆ ವಿಶ್ವಬ್ಯಾಂಕಿನ ನೆರವು ಕೂಡಿತು. ರಸ್ತೆ ಅಗಲವಾಗಲು ವರ್ಷಗಳೇ ಹಿಡಿದವು. ಅಂಗಡಿ ಕಳೆದುಕೊಂಡವರಿದ್ದಾರೆ, ಅಂಗಳ ಕಳೆದುಕೊಂಡವರಿದ್ದಾರೆ. ದಾರಿಯ ಎರಡೂ ಕಡೆಯ ಮರಗಳು ಹೋದವು. ಆ ನೆರಳಿನಲ್ಲಿ ಬಸ್ಸಿಗಾಗಿ ಕಾದವಳಾದ ನಾನು ಆ ಮರಗಳ ಲೆಕ್ಕವನ್ನು ಬಿಟ್ಟು ಈ ಇತಿಹಾಸ ಬರೆಯಲಾರೆ.

2018ರ ಗಾಂಧಿ ಜಯಂತಿಯ ದಿನ ಬಸ್ಸುಗಳ ಪ್ರಾಯೋಗಿಕ ಓಡಾಟ ಆರಂಭವಾಯಿತು. 2020ರ ಫೆಬ್ರುವರಿ 2ರಂದು ಆಗಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ವಿಧ್ಯುಕ್ತವಾಗಿ ಉದ್ಘಾಟಿಸಿದರು. ಎರಡು ತಿಂಗಳೂ ತುಂಬುವ ಮೊದಲೇ ಕೊರೋನಾ ಬಂದು ಎಲ್ಲ ಬಸ್ಸುಗಳೂ ನಿಂತವು. ಆಮೇಲೆ ಮತ್ತೆ ಓಡಿದವು. ಸುಮಾರು 22 ಕಿಲೋಮೀಟರಿನ ದಾರಿ. ವೋಲ್ವೋ ಕಂಪನಿಯ ಹವಾನಿಯಂತ್ರಿತ ಬಸ್ಸುಗಳು. ಓಡಿಸುವ ಹೊಣೆ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯದು. ಬಸ್ಸಿಗೆ ಇಟ್ಟ ಹೆಸರು ‘ಚಿಗರಿ’. ಇದು ನಮ್ಮ ಸೀಮೆಯದೇ ಪ್ರಾಣಿ. ಚಿಗರಿಗಳ ಅಭಯಾರಣ್ಯವಿರುವ ರಾಣೆಬೆನ್ನೂರು 1997ರವರೆಗೆ ಧಾರವಾಡ ಜಿಲ್ಲೆಯಲ್ಲೇ ಇತ್ತು. ಹೆಸರು ನೆಗೆಯುವ ಪ್ರಾಣಿಯದು. ಆದರೆ ಅದನ್ನು ಹತ್ತಲು ನಾವು ನೆಗೆಯಬೇಕಾಗಿಲ್ಲ ಎಂಬುದೇ ಅದರ ಗುಣ.

ನಿಲ್ದಾಣಗಳು ರಸ್ತೆಯ ನಡುವೆ ಇವೆ. ಇಳಿಜಾರಿನ ಮೇಲೆ ನಡೆದು ಒಳಗೆ ಹೋಗಬೇಕು. ಟಿಕೆಟ್ಟು ಅಥವಾ ಕಾರ್ಡು ತೋರಿಸಿದರೆ ಗೇಟು ತೆರೆಯುತ್ತದೆ. ತಲೆಯ ಮೇಲೆ ಸೂರು, ಮುಂದೆ ಗಾಜಿನ ಬಾಗಿಲು, ಯಾವ ಬಸ್ಸು ಬರುತ್ತದೆ ಎಂದು ತೋರಿಸುವ ಫಲಕ, ಕನ್ನಡದಲ್ಲಿ ಹೇಳುವ ದನಿ. ನಿಲ್ದಾಣ ನಡುವಿರುವುದರಿಂದ ಬಸ್ಸಿಗೆ ಬಲಗಡೆಯೂ ಬಾಗಿಲು. ಎಲ್ಲ ಕಡೆ ನಿಲ್ಲುವ ಬಸ್ಸನ್ನು ವೇಗದ ಬಸ್ಸು ದಾಟಿ ಹೋಗಲು ನಿಲ್ದಾಣದ ಪಕ್ಕದಲ್ಲಿ ಜಾಗವಿದೆ.

ನಾನು ನಿವೃತ್ತಳಾದ ಮೇಲೆ ಬಂದ ಬಸ್ಸು ಇದು. ಈಗ ನಾನು ಹೋಗುವುದು ಮಧ್ಯಾಹ್ನದ ಹೊತ್ತು. ಮುಂಜಾನೆಯ ಬಸ್ಸು ನೌಕರಿಯವರದು, ಮಧ್ಯಾಹ್ನದ ಬಸ್ಸು ಹೆಂಗಸರದು. ಸತ್ತೂರಿನಲ್ಲಿ ಆಸ್ಪತ್ರೆಯ ಚೀಟಿ ಹಿಡಿದ ಸೊಸೆ ಅತ್ತೆಯ ತೋಳು ಹಿಡಿದು ಏರುತ್ತಾಳೆ. ತಪ್ಪಿತು, ಏರುವುದಿಲ್ಲ, ನಡೆಯುತ್ತಾಳೆ. ಕಿಮ್ಸ್ ಹತ್ತಿರ ಹಸುಗೂಸನ್ನು ಟಾವೆಲ್ಲಿನಲ್ಲಿ ಸುತ್ತಿಕೊಂಡ ಬಾಣಂತಿ. ಕೋಲೂರಿಕೊಂಡ ಅಜ್ಜಿಯೊಬ್ಬಳು ಒಬ್ಬಳೇ ಬಂದು ಕುಳಿತದ್ದನ್ನು ಕಂಡು ‘ಎಲ್ಲಿಗಜ್ಜಿ?’ ಎಂದೆ. ‘ತಂಗಿ ಮನೀಗೆ. ಸುಮ್ಮನ, ಮಾತಾಡಾಕ’ ಎಂದಳು. ಇತಿಹಾಸದ ಪುಸ್ತಕದಲ್ಲಿ ಬರೆದಿಡಬೇಕಾದ ಉತ್ತರ ಎಂದು ನನಗೆ ಅನ್ನಿಸಿತು. ಔಷಧಕ್ಕಲ್ಲ, ಸಂತೆಗಲ್ಲ, ಸುಮ್ಮನೆ ಮಾತಾಡಲು ಹೋಗುವ ಸ್ವಾತಂತ್ರ್ಯ ಒಂದು ಕಟ್ಟೆಯ ಎತ್ತರದಿಂದ ಬಂತು.

ಎಲ್ಲವೂ ಸರಿಯಾಗಿದೆ ಎಂದು ನಾನು ಹೇಳುವುದಿಲ್ಲ. ನಿಲ್ದಾಣ ನಡುವಿದ್ದರೆ ಅದನ್ನು ಮುಟ್ಟಲು ಅರ್ಧ ರಸ್ತೆ ದಾಟಲೇಬೇಕು. ಒಳಗೆ ಎಷ್ಟು ಸುಖವಿದ್ದರೂ ಹೊರಗಿನ ಆ ಹತ್ತು ಹೆಜ್ಜೆ ಸುರಕ್ಷಿತವಾಗಿರದಿದ್ದರೆ ಅಜ್ಜಿ ಮನೆಯಲ್ಲೇ ಉಳಿಯುತ್ತಾಳೆ. ಇನ್ನೊಂದು, ಹಣದ ಮಾತು. 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆಯಿಂದ ರಾಜ್ಯದ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಹವಾನಿಯಂತ್ರಿತ ಬಸ್ಸುಗಳು ಅದರಿಂದ ಹೊರಗೆ; ಚಿಗರಿ ಹವಾನಿಯಂತ್ರಿತ. ಹೀಗಾಗಿ ನವಲೂರಿನ ಪೇರಲ ಮಾರುವ ಹೆಂಗಸು ಬುಟ್ಟಿ ಹೊತ್ತು ಉಚಿತ ಬಸ್ಸಿನ ಎತ್ತರದ ಮೆಟ್ಟಿಲನ್ನೇ ಹತ್ತುತ್ತಾಳೆ. ಮೆಟ್ಟಿಲಿಲ್ಲದ ಬಾಗಿಲು ಯಾರಿಗೆ ಹೆಚ್ಚು ಬೇಕೋ ಅವರ ಸೆರಗಿನ ಗಂಟು ಬಲು ಚಿಕ್ಕದು.

ಈಚಿನ ವರ್ಷಗಳಲ್ಲಿ ನಮ್ಮೂರಿನಲ್ಲಿ ಮತ್ತೊಂದು ಕೂಗು ಕೇಳಿಬಂದಿದೆ. ಬಸ್ಸಿನ ಪಥ ಖಾಲಿ ಬಿದ್ದಿರುತ್ತದೆ, ಪಕ್ಕದಲ್ಲಿ ನಮ್ಮ ಕಾರು, ಸ್ಕೂಟರು ಸಿಕ್ಕಿಹಾಕಿಕೊಳ್ಳುತ್ತವೆ. ಆ ಪಥವನ್ನು ಎಲ್ಲರಿಗೂ ಬಿಡಿ ಎಂಬ ಬೇಡಿಕೆ. ಕೂಗಿನಲ್ಲಿ ಸುಳ್ಳಿಲ್ಲ. ಮಳೆ ಬಂದಾಗ ಟೋಲ್‌ನಾಕಾದ ಬಳಿ ನೀರು ನಿಂತು ಪಟ್ಟ ಪಾಡು ಎಲ್ಲರಿಗೂ ಗೊತ್ತು. ಆದರೆ ಈ ವಿಷಯದಲ್ಲಿ ದಿಲ್ಲಿಯ ಕತೆಯನ್ನು ನೆನೆಯಬೇಕು. ಅಲ್ಲಿ 2008ರಲ್ಲಿ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ 5.8 ಕಿಲೋಮೀಟರಿನ ಬಸ್ಸಿನ ಪಥ ಮಾಡಿದರು. ಪಥವಿತ್ತು, ಆದರೆ ಬಸ್ಸಿನ ನೆಲಕ್ಕೆ ಸಮವಾದ ಮುಚ್ಚಿದ ನಿಲ್ದಾಣವಿರಲಿಲ್ಲ, ಟಿಕೆಟ್ಟು ಬಸ್ಸಿನೊಳಗೇ. ಕಾರಿನವರು ಕಾರುಗಳನ್ನು ಎಣಿಸಿ ತೋರಿಸಿದರು. ಒಂದು ಬಸ್ಸಿನಲ್ಲಿ ಎಷ್ಟು ಜನ ಇದ್ದಾರೆಂದು ಎಣಿಸಿ ತೋರಿಸುವವರ ದನಿ ಸಣ್ಣದಾಯಿತು. ಮೊಕದ್ದಮೆಯೂ ಆಯಿತು. 2012ರಲ್ಲಿ ಹೈಕೋರ್ಟು ಪಥವನ್ನು ಉಳಿಸಿದರೂ 2016ರಲ್ಲಿ ಸರಕಾರವೇ ಅದನ್ನು ಕಿತ್ತುಹಾಕಿತು.

ಪಥ ಬೇರೆ, ಸೌಕರ್ಯ ಬೇರೆ. ಪಥ ಬಿಟ್ಟುಕೊಟ್ಟರೂ ಕಟ್ಟೆ ಇದ್ದೇ ಇರುತ್ತದಲ್ಲ ಎಂದು ಕೆಲವರು ಹೇಳುತ್ತಾರೆ. ಅದು ಹಾಗಲ್ಲ. ಪಥದಲ್ಲಿ ಕಾರು ನುಗ್ಗಿದರೆ ಬಸ್ಸು ನಿಲ್ದಾಣಕ್ಕೆ ಅಂಟಿಕೊಂಡು ನಿಲ್ಲಲಾರದು. ಅರ್ಧ ಮಾರು ದೂರ ನಿಂತ ಬಸ್ಸಿಗೂ ಕಟ್ಟೆಗೂ ನಡುವೆ ಇರುವುದು ನೆಲವಲ್ಲ, ಹಳ್ಳ. ಬಲಬಾಗಿಲಿನ ಬಸ್ಸು, ನಡುರಸ್ತೆಯ ಕಟ್ಟೆ, ಮೀಸಲು ಪಥ ಈ ಮೂರೂ ಒಂದೇ ಒಲೆಯ ಮೂರು ಗುಂಡು. ಒಂದನ್ನು ತೆಗೆದರೆ ಉಳಿದೆರಡರ ಮೇಲೆ ಪಾತ್ರೆ ನಿಲ್ಲುವುದಿಲ್ಲ.

ಬಸ್ಸುಗಳಿಗೆ ಆಯುಷ್ಯವಿದೆ. ಈಗಿನ ಚಿಗರಿಗಳೂ ಹಳೆಯವಾಗುತ್ತವೆ; ಈ ದಾರಿಗೆ ಬೇರೆ ಬಗೆಯ ಹೊಸ ವಾಹನ ತರುವ ಮಾತುಗಳೂ ಬಂದಿವೆ. ವಿದ್ಯುತ್ತಿನದು ಬರಲಿ, ಇನ್ನೂ ಉದ್ದನೆಯದು ಬರಲಿ, ಬೇಡವೆನ್ನುವವರು ಯಾರು? ಅದರ ವೇಗ ಎಷ್ಟು, ವೆಚ್ಚ ಎಷ್ಟು ಎಂದು ಕೇಳುವ ದೊಡ್ಡವರು ಬೇಕಾದಷ್ಟು ಜನ ಇದ್ದಾರೆ. ನಾವು ಕೇಳಬೇಕಾದ ಪ್ರಶ್ನೆಗಳು ಬೇರೆ. ಬಾಗಿಲ ಬಳಿ ಮೆಟ್ಟಿಲು ಎಷ್ಟು ಎತ್ತರ? ರಸ್ತೆ ದಾಟುವಾಗ ವಾಹನಗಳನ್ನು ತಡೆಯುವವರು ಯಾರು? ಶೌಚಾಲಯ ಎಲ್ಲಿದೆ? ಪೇರಲ ಬುಟ್ಟಿಯವಳಿಗೆ ಟಿಕೆಟ್ಟು ಎಷ್ಟು? ನಿಮ್ಮ ವಾರ್ಡಿನ ಸದಸ್ಯರು ಮತ ಕೇಳಲು ಬಂದಾಗ ಚಹ ಕೊಡುವ ಮೊದಲೇ ಈ ನಾಲ್ಕನ್ನು ಕೇಳಿರಿ. ಗಡಿಯಾರದ ಲೆಕ್ಕದಿಂದ ಬಂದದ್ದು ಗಡಿಯಾರದ ಲೆಕ್ಕದಿಂದಲೇ ಹೋಗಬಹುದು. ನಾವು ಕೇಳಿ ಪಡೆದದ್ದನ್ನು ಯಾರಾದರೂ ಹಿಂದಕ್ಕೆ ತೆಗೆದುಕೊಳ್ಳಬೇಕಾದರೆ, ಮೊದಲು ನಮ್ಮನ್ನು ಕೇಳಬೇಕಾಗುತ್ತದೆ.